ಡಾಲರ್ ಏರಿದ ವಾರ ಕಾಫಿ ರೇಟ್ ಇಳಿದದ್ದು ಯಾಕೆ? ವಿನಿಮಯ ದರ ಓದಿದವರು ದಯವಿಟ್ಟು ಹೇಳಿ

ಸುಂಟಿಕೊಪ್ಪದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ಇಂಟರ್‌ನ್ಯಾಷನಲ್ ಫೈನಾನ್ಸ್ ಪೇಪರ್ ಇದೆ. ಡೈರೆಕ್ಟ್ ಕೋಟ್, ಇನ್‌ಡೈರೆಕ್ಟ್ ಕೋಟ್, ಸ್ಪಾಟ್, ಫಾರ್ವರ್ಡ್, ಪರ್ಚೇಸಿಂಗ್ ಪವರ್ ಪ್ಯಾರಿಟಿ, ಇಂಟರೆಸ್ಟ್ ರೇಟ್ ಪ್ಯಾರಿಟಿ ಎಲ್ಲ ಬಾಯಿಪಾಠ ಆಗಿದೆ. ಇಂಟರ್ನಲ್ಸ್‌ನಲ್ಲಿ 25ಕ್ಕೆ 21 ಬಂತು. ಆದರೆ ಅರ್ಥ ಆಗಿಲ್ಲ ಅಂತ ಮೊನ್ನೆ ರಾತ್ರಿ ಗೊತ್ತಾಯಿತು.

ಊಟ ಮಾಡುತ್ತಿದ್ದೆವು. ಟಿವಿಯಲ್ಲಿ "ರೂಪಾಯಿ ಮತ್ತೆ ಕುಸಿತ" ಅಂತ ಸುದ್ದಿ ಬಂತು. ಅಪ್ಪ ಕೇಳಿದರು, "ಡಾಲರ್ ಏರಿದರೆ ಕಾಫಿ ಬೆಳೆಯುವವರಿಗೆ ಒಳ್ಳೇದು ಅಂತಾರಲ್ಲ ಮಗಳೇ, ಮತ್ತೆ ಈ ವಾರ ಚೆರಿ ಮೂಟೆಗೆ 400 ರೂಪಾಯಿ ಯಾಕೆ ಇಳಿಸಿದರು?" ನಾನು ಬಾಯಿ ತೆರೆದೆ, ಉತ್ತರ ಬರಲಿಲ್ಲ. ಅಪ್ಪನಿಗೆ ವ್ಯಾಪಾರಿ ಮೇಲೆ ಅನುಮಾನ. ಹದಿನೈದು ವರ್ಷದಿಂದ ಅವರಿಗೇ ಕಾಫಿ ಕೊಡುತ್ತಿದ್ದಾರೆ. ಈಗ ಮಾತು ಬಿಡುವ ಹಂತಕ್ಕೆ ಬಂದಿದೆ. ಕಣದಲ್ಲಿ ಒಣಗಿಸಿ ಕಟ್ಟಿಟ್ಟ 40 ಮೂಟೆ ಹಾಗೇ ಮನೆಯಲ್ಲಿದೆ.

ಎರಡು ವಿಷಯ ಕೇಳಬೇಕು. ಅಪ್ಪನ ಪ್ರಶ್ನೆಗೆ ಉತ್ತರ ಏನು? ಮತ್ತೆ ಈ ವಿಷಯವನ್ನು ಯಾವ ಕ್ರಮದಲ್ಲಿ ಓದಿದರೆ ತಲೆಗೆ ಹತ್ತುತ್ತದೆ? ನಮ್ಮ ಕೊಡಗು ಜಿಲ್ಲೆಯವರೇ ಹೇಳಿದರೆ ನನಗೆ ಬೇಗ ಹಿಡಿಯುತ್ತದೆ ಅನ್ನಿಸಿತು, ಅದಕ್ಕೆ ಇಲ್ಲಿ ಬರೆದೆ.

ಪಾಲಿಬೆಟ್ಟದ ಬೆಳೆಗಾರ

ತಂಗಿ, ನಿನ್ನ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ನಾನೂ ವರ್ಷಗಟ್ಟಲೆ ಅದನ್ನೇ ಕೇಳಿಕೊಂಡವನು. ಪುಸ್ತಕ ಪಕ್ಕಕ್ಕಿಡು. ಒಂದು ಮೂಟೆ ತಗೊಂಡು ಲೆಕ್ಕ ಮಾಡೋಣ.

ನಮ್ಮ ರೊಬಸ್ಟಾಕ್ಕೆ ರೇಟ್ ಹುಟ್ಟುವುದು ಲಂಡನ್ ಮಾರುಕಟ್ಟೆಯಲ್ಲಿ. ಅಲ್ಲಿ ಒಂದು ಟನ್‌ಗೆ ಇಷ್ಟು ಡಾಲರ್ ಅಂತ ಹೇಳುತ್ತಾರೆ. ಅದು ಕ್ಲೀನ್ ಕಾಫಿಯ ರೇಟ್, ಅಂದರೆ ಸಿಪ್ಪೆ ತೆಗೆದ ಬೀಜ. ನಾವು ಕೊಡುವುದು ಒಣಗಿದ ಚೆರಿ, 50 ಕೆಜಿ ಮೂಟೆ. ಆ ಮೂಟೆಯಲ್ಲಿ ಎಷ್ಟು ಕೆಜಿ ಕ್ಲೀನ್ ಕಾಫಿ ಸಿಗುತ್ತದೋ ಅದು ಔಟ್ ಟರ್ನ್. 26 ಅಂತ ಇಟ್ಟುಕೋ.

ಈಗ ಲಂಡನ್ 4,000 ಡಾಲರ್, ಡಾಲರ್‌ಗೆ 85 ರೂಪಾಯಿ ಅಂತ ಹಿಡಿ. ಇದು ಲೆಕ್ಕ ಸುಲಭ ಆಗಲಿ ಅಂತ ತಗೊಂಡ ಸಂಖ್ಯೆ, ಇವತ್ತಿನ ರೇಟ್ ಅಲ್ಲ. ಗುಣಿಸಿದರೆ ಟನ್‌ಗೆ 3,40,000 ರೂಪಾಯಿ. ಕೆಜಿಗೆ 340. ಅದನ್ನು 26ರಿಂದ ಗುಣಿಸು. ಮೂಟೆಗೆ 8,840. ಇದರಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಹದ ಮಾಡುವುದು), ಸಾಗಣೆ, ರಫ್ತುದಾರನ ಖರ್ಚು ಕಳೆಯಬೇಕು. ನಮ್ಮ ಕಾಫಿಯ ಗುಣಕ್ಕೆ ಲಂಡನ್‌ಗಿಂತ ಮೇಲೆ ಪ್ರೀಮಿಯಂ ಸಿಕ್ಕರೆ ಕೂಡಿಸಬೇಕು. ಸದ್ಯಕ್ಕೆ ಅದನ್ನೆಲ್ಲ ಬಿಡು.

ಇಲ್ಲಿ ಎರಡು ಗಾಲಿ ಇವೆ. ಡಾಲರ್ ಒಂದು ರೂಪಾಯಿ ಏರಿದರೆ ಮೂಟೆಗೆ 104 ರೂಪಾಯಿ ಜಾಸ್ತಿ. ಲಂಡನ್ 100 ಡಾಲರ್ ಇಳಿದರೆ ಮೂಟೆಗೆ 221 ರೂಪಾಯಿ ಕಮ್ಮಿ. ಡಾಲರ್ ಒಂದು ರೂಪಾಯಿ ಏರಲು ಎಷ್ಟೋ ಸಲ ತಿಂಗಳುಗಳೇ ಬೇಕು. ಲಂಡನ್ 100 ಡಾಲರ್ ಇಳಿಯಲು ಒಂದು ಮಧ್ಯಾಹ್ನ ಸಾಕು. ಟಿವಿಯವರು ಮೊದಲನೇ ಗಾಲಿ ಮಾತ್ರ ತೋರಿಸುತ್ತಾರೆ.

ಹಾಗಂತ ರೂಪಾಯಿ ಗಾಲಿ ಚಿಕ್ಕದು ಅಂದುಕೊಳ್ಳಬೇಡ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ರೇಟ್ ಹಾರಿದಾಗ ಡಾಲರ್‌ಗೆ 31 ರೂಪಾಯಿ ಚಿಲ್ಲರೆ ಇತ್ತು. 2024ರಲ್ಲಿ ರೇಟ್ ಹಾರಿದಾಗ 83ರ ಮೇಲೆ. ಅದೇ 4,000 ಡಾಲರ್ ಆವಾಗ ಟನ್‌ಗೆ 1,24,000 ರೂಪಾಯಿ, 2024ರಲ್ಲಿ 3,32,000. ಒಂದು ವಾರದ ಮಟ್ಟಿಗೆ ಲಂಡನ್ ದೊಡ್ಡದು. ಮೂವತ್ತು ವರ್ಷಕ್ಕೆ ರೂಪಾಯಿ ದೊಡ್ಡದು.

ಅಪ್ಪ ಹಿಂದಿನ ಸಲ ರೇಟ್ ಕೇಳಿದ ದಿನ ಮತ್ತು ಈ ಸಲ ಕೇಳಿದ ದಿನ, ಎರಡೂ ದಿನದ ಲಂಡನ್ ರೇಟ್ ಹುಡುಕು. ಕಾಫಿ ಬೋರ್ಡ್ ದಿನಾ ಹಾಕುತ್ತದೆ.

ಸುಂಟಿಕೊಪ್ಪದ ವಿದ್ಯಾರ್ಥಿನಿ

ಅಣ್ಣ, ತುಂಬಾ ಥ್ಯಾಂಕ್ಸ್. ಇಷ್ಟು ದಿನ "ರೂಪಾಯಿ ಬಿದ್ದರೆ ರಫ್ತಿಗೆ ಲಾಭ" ಅಂತ ಒಂದೇ ಸಾಲು ಬರೆದುಕೊಂಡು ಹೋಗುತ್ತಿದ್ದೆ. ಅಪ್ಪನ ಹತ್ತಿರ ಚೀಟಿಗಳಿವೆ, ಹುಡುಕುತ್ತೇನೆ.

ಇನ್ನೊಂದು ಅನುಮಾನ. ಅಪ್ಪನ ವ್ಯಾಪಾರಿ "ಮೂರು ತಿಂಗಳು ಬಿಟ್ಟು ಡಾಲರ್ ಇನ್ನೂ ಏರುತ್ತೆ, ಫಾರ್ವರ್ಡ್ ರೇಟೇ ಹಾಗೆ ಹೇಳುತ್ತೆ" ಅಂದರಂತೆ. ಫಾರ್ವರ್ಡ್ ರೇಟ್ ಅಂದರೆ ಮುಂದಿನ ದರದ ಊಹೆ ತಾನೇ?

ವಿರಾಜಪೇಟೆಯ ನಿವೃತ್ತ ಬ್ಯಾಂಕ್ ನೌಕರ

ಇಲ್ಲಮ್ಮ, ಅಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಾನು ಹನ್ನೊಂದು ವರ್ಷ ಮಂಗಳೂರಿನಲ್ಲಿ ವಿದೇಶಿ ವಿನಿಮಯದ ಮೇಜಿನಲ್ಲಿ ಕೂತವನು. ಕಾಫಿ, ಗೋಡಂಬಿ ರಫ್ತುದಾರರೇ ನಮ್ಮ ಗಿರಾಕಿಗಳು. ಹೊಸದಾಗಿ ಸೇರಿದ ಹುಡುಗರೆಲ್ಲ ಮಾಡುತ್ತಿದ್ದ ತಪ್ಪು ಇದೇ.

ಒಬ್ಬ ರಫ್ತುದಾರ ಬರುತ್ತಾನೆ ಅಂದುಕೊ. ಅವನಿಗೆ ಇಟಲಿಯಿಂದ ಮೂರು ತಿಂಗಳ ನಂತರ ಡಾಲರ್ ಬರಬೇಕು. ಇವತ್ತೇ ದರ ಗಟ್ಟಿ ಮಾಡಿಕೊಡಿ ಅನ್ನುತ್ತಾನೆ. ಹಾಗೆ ಇವತ್ತೇ ಗಟ್ಟಿ ಮಾಡಿದ ದರವೇ ಫಾರ್ವರ್ಡ್ ರೇಟ್. ಬ್ಯಾಂಕ್ ಏನು ಮಾಡಬಹುದು? ಇವತ್ತೇ ಡಾಲರ್ ಸಾಲ ತಂದು ಮಾರಿ, ರೂಪಾಯಿ ಮಾಡಿ, ಆ ರೂಪಾಯಿಯನ್ನು ಮೂರು ತಿಂಗಳು ಇಲ್ಲೇ ಬಡ್ಡಿಗೆ ಇಡಬಹುದು. ಮೂರು ತಿಂಗಳಿಗೆ ರಫ್ತುದಾರನ ಡಾಲರ್ ಬಂದಾಗ ಆ ಸಾಲ ತೀರಿಸಬಹುದು. ಡಾಲರ್ ಸಾಲಕ್ಕೆ ಬಡ್ಡಿ ಕಮ್ಮಿ, ರೂಪಾಯಿ ಠೇವಣಿಗೆ ಬಡ್ಡಿ ಜಾಸ್ತಿ. ಆ ವ್ಯತ್ಯಾಸ ಬ್ಯಾಂಕಿಗೆ ಉಳಿಯಿತಲ್ವಾ? ಪೈಪೋಟಿ ಇರುವಾಗ ಅದನ್ನು ಗಿರಾಕಿಗೆ ಬಿಟ್ಟುಕೊಡಲೇ ಬೇಕು. ಅದೇ ಫಾರ್ವರ್ಡ್ ಪ್ರೀಮಿಯಂ.

ಸಂಖ್ಯೆ ಹಾಕೋಣ. ಇವತ್ತಿನ ದರ 85. ಇಲ್ಲಿ ವರ್ಷಕ್ಕೆ ಬಡ್ಡಿ ಶೇ. 7, ಅಮೆರಿಕದಲ್ಲಿ ಶೇ. 4 ಅಂತ ಇಟ್ಟುಕೋ. ಒಂದು ವರ್ಷದ ಫಾರ್ವರ್ಡ್ ಬೇಕಾದರೆ 85ನ್ನು 1.07ರಿಂದ ಗುಣಿಸಿ 1.04ರಿಂದ ಭಾಗಿಸು. 87.45 ಬರುತ್ತದೆ. ಮೂರು ತಿಂಗಳಿಗಾದರೆ ಬಡ್ಡಿ ಕಾಲು ಭಾಗ, ಶೇ. 1.75 ಮತ್ತು ಶೇ. 1. ಆಗ 85.63. ಈ 63 ಪೈಸೆಯಲ್ಲಿ ಯಾರ ಭವಿಷ್ಯವಾಣಿಯೂ ಇಲ್ಲ. ಎರಡು ದೇಶದ ಬಡ್ಡಿಯ ವ್ಯತ್ಯಾಸ, ಅಷ್ಟೇ. ನಿನ್ನ ಪುಸ್ತಕದ ಕವರ್ಡ್ ಇಂಟರೆಸ್ಟ್ ಪ್ಯಾರಿಟಿ ಇದೇ. ಮೂರು ತಿಂಗಳಾದ ಮೇಲೆ ದರ 84 ಇರಬಹುದು, 88 ಇರಬಹುದು. ರಫ್ತುದಾರನಿಗೆ ಸಿಗುವುದು 85.63. ಅವನು ಕೊಂಡುಕೊಂಡದ್ದು ನಿದ್ದೆ.

ಕೋಟ್ ಬಗ್ಗೆ ಒಂದು ಮಾತು. ಪರೀಕ್ಷೆಯಲ್ಲಿ ಬಿಡ್ (ಕೊಳ್ಳುವ ದರ), ಆಸ್ಕ್ (ಮಾರುವ ದರ) ತಲೆಕೆಳಗು ಬರೆಯುವವರು ಬಹಳ. ಯಾವಾಗಲೂ ಬ್ಯಾಂಕಿನ ಕುರ್ಚಿಯಲ್ಲಿ ಕೂತು ನೋಡು. ಬ್ಯಾಂಕ್ ಡಾಲರ್ ಕೊಳ್ಳುವ ದರ ಕಮ್ಮಿ, ಮಾರುವ ದರ ಜಾಸ್ತಿ. ನಿಮ್ಮೂರಿನ ಅಂಗಡಿಯವನು ಮೆಣಸು ಕೊಳ್ಳುವುದು ಒಂದು ರೇಟಿಗೆ, ಮಾರುವುದು ಇನ್ನೊಂದು ರೇಟಿಗೆ ಅಲ್ವಾ, ಹಾಗೇ. ಬ್ಯಾಂಕಿನ ದರಪಟ್ಟಿಯಲ್ಲಿ ಟಿಟಿ (ಟೆಲಿಗ್ರಾಫಿಕ್ ಟ್ರಾನ್ಸ್‌ಫರ್, ಖಾತೆಯಿಂದ ಖಾತೆಗೆ ಹಣ ಕಳಿಸುವುದು) ಬೈಯಿಂಗ್, ಟಿಟಿ ಸೆಲ್ಲಿಂಗ್ ಅನ್ನುವುದರಲ್ಲಿ ಬೈಯಿಂಗ್ ಬ್ಯಾಂಕಿನದು, ಸೆಲ್ಲಿಂಗೂ ಬ್ಯಾಂಕಿನದು. ಗಿರಾಕಿಯದಲ್ಲ.

ಗೋಣಿಕೊಪ್ಪದ ಅಮ್ಮ

ಬ್ಯಾಂಕ್ ಸರ್ ಕೊನೆಗೆ ಹೇಳಿದ ಮಾತು ನಮಗೆ ಹಣ ಕೊಟ್ಟ ಮೇಲೆ ಗೊತ್ತಾಗಿದ್ದು. ಮಗಳು ಹೊರದೇಶದಲ್ಲಿ ಓದುತ್ತಿದ್ದಾಳೆ. ಮೊದಲನೇ ಕಂತು 18,000 ಡಾಲರ್ ಕಳಿಸಬೇಕಿತ್ತು. ಟಿವಿಯಲ್ಲಿ ನೋಡಿದ ದರಕ್ಕೆ ಲೆಕ್ಕ ಹಾಕಿ ಹಣ ಹೊಂದಿಸಿದ್ದೆವು. ಬ್ಯಾಂಕಿನವರು ಹಾಕಿದ ದರ ಅದಕ್ಕಿಂತ 1 ರೂಪಾಯಿ 40 ಪೈಸೆ ಜಾಸ್ತಿ. ಅಂದರೆ 25,200 ರೂಪಾಯಿ. ಯಾಕೆ ಅಂತ ಕೇಳಿದ್ದಕ್ಕೆ "ಕಾರ್ಡ್ ರೇಟ್ ಮೇಡಂ" ಅಂದರು, ಅದಕ್ಕಿಂತ ಮುಂದೆ ಹೇಳಲಿಲ್ಲ. ನಮ್ಮವರು ಸೈನ್ಯದಲ್ಲಿದ್ದವರು, ಬರುವುದು ಪೆನ್ಷನ್. 25,000 ನಮಗೆ ದೊಡ್ಡ ಹಣ.

ಎರಡನೇ ಕಂತಿಗೆ ಮೂರು ಕಡೆ ವಿಚಾರಿಸಿದೆ. ಅದೇ ದಿನ, ಅದೇ ಹೊತ್ತು, ಮೂರು ಕಡೆ ಮೂರು ದರ. ಅದನ್ನು ಹಿಡಿದು ನಮ್ಮ ಬ್ಯಾಂಕಿನಲ್ಲಿ ಮಾತಾಡಿದೆ, 80 ಪೈಸೆ ಇಳಿಸಿದರು. ಚೌಕಾಸಿ ಮಾಡಬಹುದು ಅಂತಲೇ ನಮಗೆ ಯಾರೂ ಹೇಳಿರಲಿಲ್ಲ. ಓದುವ ಮಕ್ಕಳೇ, ಇದನ್ನು ನಿಮ್ಮ ಮನೆಯವರಿಗೆ ದಯವಿಟ್ಟು ಹೇಳಿ.

ವಿರಾಜಪೇಟೆಯ ನಿವೃತ್ತ ಬ್ಯಾಂಕ್ ನೌಕರ

ನೀವು ಮಾಡಿದ್ದು ಸರಿ ಮೇಡಂ. ಟಿವಿಯಲ್ಲಿ ಬರುವುದು ಬ್ಯಾಂಕ್‌ಗಳು ತಮ್ಮ ತಮ್ಮಲ್ಲಿ ಕೊಟ್ಟು ತಗೊಳ್ಳುವ ದರ. ಅದರ ಮೇಲೆ ತಮ್ಮ ಪಾಲು ಸೇರಿಸಿ ಗಿರಾಕಿಗೆ ಹಾಕುವ ಆ ದಿನದ ದರವೇ ಕಾರ್ಡ್ ರೇಟ್. ಅಧಿಕೃತವಾಗಿ ಒಂದು ಸಂಖ್ಯೆ ಬೇಕಾದರೆ ಎಫ್‌ಬಿಐಎಲ್ (ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಅನ್ನುವ ಸಂಸ್ಥೆ) ದಿನಾ ಪ್ರಕಟಿಸುವ ರೆಫರೆನ್ಸ್ ರೇಟ್ ನೋಡಿ. 2018ರ ಜುಲೈವರೆಗೆ ರಿಸರ್ವ್ ಬ್ಯಾಂಕೇ ಅದನ್ನು ಕೊಡುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು, "ಇದರ ಮೇಲೆ ಎಷ್ಟು ಪೈಸೆ ಹಾಕಿದ್ದೀರಿ" ಅಂತ ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಯಾವ ಬ್ಯಾಂಕಿಗೂ ಕಷ್ಟ.

ನಾಪೋಕ್ಲು ಕಡೆಯವನು, ಮೈಸೂರಿನಲ್ಲಿ ಪಾಠ ಮಾಡುತ್ತೇನೆ

ಸುಂಟಿಕೊಪ್ಪದ ಹುಡುಗಿ ಕೇಳಿದ ಎರಡನೇ ಪ್ರಶ್ನೆಗೆ ಬರುತ್ತೇನೆ. ಯಾವ ಕ್ರಮದಲ್ಲಿ ಓದಬೇಕು? ನನ್ನ ಅನುಭವದಲ್ಲಿ ಸಿಲಬಸ್ ಕ್ರಮ ಸರಿ ಇಲ್ಲ. ಮೊದಲ ವಾರವೇ ಪ್ಯಾರಿಟಿ ಸೂತ್ರ ಕೊಟ್ಟರೆ ಮಕ್ಕಳು ಸೂತ್ರ ಕಲಿಯುತ್ತಾರೆ, ಹಣ ಕಾಣಿಸುವುದಿಲ್ಲ.

ಮೊದಲು ಬ್ಯಾಲೆನ್ಸ್ ಆಫ್ ಪೇಮೆಂಟ್ಸ್ ಓದು. ದೇಶಕ್ಕೆ ಬಂದ ಹಣ, ದೇಶದಿಂದ ಹೋದ ಹಣದ ಖಾತೆ ಪುಸ್ತಕ ಅದು. ತೋಟದ ರೈಟರ್ (ಗುಮಾಸ್ತ) ಬರೆಯುವ ಪುಸ್ತಕದ ಹಾಗೆಯೇ. ಕಾಫಿ ಮಾರಿದ್ದು ಒಂದು ಕಡೆ, ತೈಲ ಮತ್ತು ಚಿನ್ನ ಕೊಂಡದ್ದು ಇನ್ನೊಂದು ಕಡೆ. ದುಬೈಯಿಂದ ಮಗ ಕಳಿಸಿದ ಹಣ, ಷೇರು ಮಾರುಕಟ್ಟೆಗೆ ಬಂದ ವಿದೇಶಿ ಹಣ, ಎಲ್ಲಕ್ಕೂ ಒಂದೊಂದು ಸಾಲು.

ಆಮೇಲೆ ಇತಿಹಾಸ. ಇದನ್ನು ಬಿಟ್ಟವರಿಗೆ ಉಳಿದದ್ದು ಗಾಳಿಯಲ್ಲಿ ತೇಲುತ್ತದೆ. 1944ರಲ್ಲಿ ಬ್ರೆಟನ್ ವುಡ್ಸ್‌ನಲ್ಲಿ ಒಪ್ಪಂದ ಆಯಿತು. ಒಂದು ಔನ್ಸ್ ಚಿನ್ನಕ್ಕೆ 35 ಡಾಲರ್, ಉಳಿದ ದೇಶಗಳ ಹಣ ಡಾಲರ್‌ಗೆ ಕಟ್ಟಿಹಾಕಿದ್ದು. 1971ರ ಆಗಸ್ಟ್ 15ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಆ ಚಿನ್ನದ ಬಾಗಿಲು ಮುಚ್ಚಿದರು, ಅಂದರೆ ಡಾಲರ್‌ಗೆ ಚಿನ್ನ ಕೊಡುವುದನ್ನು ನಿಲ್ಲಿಸಿದರು. ನಮ್ಮಲ್ಲಿ 1966ರ ಜೂನ್ 6ರಂದು ಡಾಲರ್ ದರವನ್ನು 4.76ರಿಂದ 7.50ಕ್ಕೆ ತಂದರು. 1975ರಲ್ಲಿ ರೂಪಾಯಿಯನ್ನು ಪೌಂಡ್‌ನಿಂದ ಬಿಡಿಸಿ ಹಲವು ದೇಶಗಳ ಹಣದ ಒಂದು ಗೊಂಚಲಿಗೆ ಕಟ್ಟಿದರು. 1991ರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದರೆ ಕಾರಣಗಳನ್ನು ಜೋಡಿಸುವುದಿಲ್ಲ. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿತು. ಅಲ್ಲಿದ್ದ ನಮ್ಮವರು ಕಳಿಸುವ ಹಣ ನಿಂತಿತು. ಸಾಲ ಕೊಟ್ಟವರು ಕೈ ಹಿಂದೆ ತೆಗೆದರು. ಖಾತೆ ಪುಸ್ತಕದ ಮೂರು ಸಾಲು ಒಟ್ಟಿಗೆ ಕೆಟ್ಟವು. ಬೊಕ್ಕಸದಲ್ಲಿ ಕೆಲವೇ ವಾರಗಳ ಆಮದಿಗೆ ಆಗುವಷ್ಟು ಡಾಲರ್ ಉಳಿಯಿತು. ಜುಲೈ 1ಕ್ಕೆ ಒಮ್ಮೆ, 3ಕ್ಕೆ ಇನ್ನೊಮ್ಮೆ ಅಪಮೌಲ್ಯ ಮಾಡಿದರು. ಸುಮಾರು 47 ಟನ್ ಚಿನ್ನ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಅಡವು ಹೋಯಿತು. ಮನೆಯ ಚಿನ್ನ ಅಡವಿಡುವಾಗ ಅಮ್ಮನ ಮುಖ ಹೇಗಿರುತ್ತದೆ ಅಂತ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1993ರ ಮಾರ್ಚ್‌ನಿಂದ ದರ ಮಾರುಕಟ್ಟೆಯದು. ಮಿತಿಮೀರಿ ಕುಣಿದರೆ ರಿಸರ್ವ್ ಬ್ಯಾಂಕ್ ಡಾಲರ್ ಕೊಂಡು, ಮಾರಿ ಹಿಡಿಯುತ್ತದೆ.

ಇಷ್ಟಾದ ಮೇಲೆ ಪ್ಯಾರಿಟಿಗಳಿಗೆ ಬಾ. ಬ್ಯಾಂಕ್ ಸರ್ ಒಂದನ್ನು ಆಗಲೇ ಚೆನ್ನಾಗಿ ಹೇಳಿಕೊಟ್ಟಿದ್ದಾರೆ.

ನಿನ್ನ ಪುಸ್ತಕದಲ್ಲಿ ಇರದ ಒಂದು ವಿಷಯ ಹೇಳುತ್ತೇನೆ. ಕೊಡಗಿನವರಿಗೆ ರೂಪಾಯಿ, ಡಾಲರ್ ಎರಡೇ ಸಾಲದು. ಬ್ರೆಜಿಲ್‌ನ ರಿಯಾಲ್ ಕೂಡ ನೋಡಬೇಕು. ಪಾಲಿಬೆಟ್ಟದವರು ಹೇಳಿದ ಎರಡು ಗಾಲಿಗಳ ಹಿಂದೆ ಮೂರನೆಯದೊಂದು ಇದೆ. 1999ರ ಜನವರಿಯಲ್ಲಿ ಬ್ರೆಜಿಲ್ ತನ್ನ ಹಣವನ್ನು ತೇಲಲು ಬಿಟ್ಟಿತು, ಅಂದರೆ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರ್‌ಗೆ 1.2 ರಿಯಾಲ್ ಇದ್ದದ್ದು ಎರಡು ತಿಂಗಳೊಳಗೆ 2 ದಾಟಿತು. ಅಲ್ಲಿಯ ಬೆಳೆಗಾರನ ಜಾಗದಲ್ಲಿ ನಿಂತು ಯೋಚಿಸು. ಕಾಫಿ ಡಾಲರ್‌ನಲ್ಲಿ ಅಷ್ಟೇ ಇದ್ದರೂ ಅವನ ಕೈಗೆ ಒಂದೂವರೆ ಪಟ್ಟಿಗಿಂತ ಜಾಸ್ತಿ ರಿಯಾಲ್. ಅವನು ಗೋದಾಮು ಖಾಲಿ ಮಾಡುತ್ತಾನೆ. ಡಾಲರ್ ರೇಟ್ ಸ್ವಲ್ಪ ಇಳಿದರೂ ಅವನಿಗೆ ನಷ್ಟ ಇಲ್ಲ. ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಹೀಗೆ ಮಾರಲು ಶುರು ಮಾಡಿದರೆ ರೇಟ್ ಇಳಿಯುತ್ತದೆ. ಆಗ ಸುಂಟಿಕೊಪ್ಪದ ಮೂಟೆಯೂ ಇಳಿಯುತ್ತದೆ. ನಮ್ಮ ರೂಪಾಯಿ ಒಂದು ಪೈಸೆಯೂ ಅಲುಗಾಡದೆ! ಡಾಲರ್ ಎಲ್ಲ ದೇಶಗಳ ಎದುರಿಗೂ ಬಲವಾಗುವ ವಾರಗಳಲ್ಲಿ ರೂಪಾಯಿಯ ಜೊತೆ ರಿಯಾಲೂ ಬೀಳುತ್ತದೆ. ಡಾಲರ್ ಏರಿದ ವಾರವೇ ಕಾಫಿ ಇಳಿಯುವುದಕ್ಕೆ ಇದೂ ಒಂದು ಕಾರಣ.

ಕುಶಾಲನಗರ, ದುಬೈಯಲ್ಲಿ 14 ವರ್ಷ ಇದ್ದವನು

ಸರ್ ಹೇಳಿದ 1966ಕ್ಕೆ ನನ್ನದೊಂದು ಸಾಲು ಸೇರಿಸುತ್ತೇನೆ. ಆಗ ಕೊಲ್ಲಿ ದೇಶಗಳಲ್ಲಿ ಓಡುತ್ತಿದ್ದದ್ದು ನಮ್ಮದೇ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಗಾಗಿಯೇ ಬೇರೆ ಬಣ್ಣದ ಗಲ್ಫ್ ರೂಪಾಯಿ ನೋಟು ಮಾಡಿಸಿತ್ತು. 1966ರ ಅಪಮೌಲ್ಯ ಆದ ಮೇಲೆ ದುಬೈ, ಕತಾರ್ ಎಲ್ಲ ತಮ್ಮದೇ ಹಣಕ್ಕೆ ಹೋದವು. ನಾನು ಅಲ್ಲಿಗೆ ಹೋಗಿ ಎಷ್ಟೋ ವರ್ಷ ಆದ ಮೇಲೆ ಒಬ್ಬ ಹಿರಿಯರು ಈ ವಿಷಯ ಹೇಳಿದರು. ಮೈ ಜುಮ್ ಅಂದಿತು.

ಓದುವವರಿಗೆ ದಿರ್ಹಮ್ ಒಳ್ಳೆ ಪಾಠ. 1997ರಿಂದ ಡಾಲರ್‌ಗೆ 3.6725 ದಿರ್ಹಮ್, ಒಂದಿಷ್ಟೂ ಬದಲಾಗಿಲ್ಲ. ಹಾಗಾಗಿ ನಾವು ಊರಿಗೆ ಹಣ ಕಳಿಸುವಾಗ ನೋಡುತ್ತಿದ್ದದ್ದು ನಿಜವಾಗಿ ಡಾಲರ್ ದರವನ್ನೇ. 85 ರೂಪಾಯಿಯನ್ನು 3.6725ರಿಂದ ಭಾಗಿಸಿದರೆ 23.14. ಅದೇ ದಿರ್ಹಮ್ ದರ. ಇದಕ್ಕೆ ಕ್ರಾಸ್ ರೇಟ್ ಅನ್ನುತ್ತಾರೆ ಅಂತ ಮಗ ಕಾಲೇಜು ಸೇರಿದ ಮೇಲೆ ಗೊತ್ತಾಯಿತು.

2013ರ ಆಗಸ್ಟ್ ನೆನಪಿದೆ. ಅಮೆರಿಕ ತನ್ನ ಹಣ ಸುರಿಯುವುದನ್ನು ಕಮ್ಮಿ ಮಾಡುತ್ತದೆ ಅನ್ನುವ ಮಾತಿಗೇ ರೂಪಾಯಿ 68 ದಾಟಿತು. ಎಕ್ಸ್‌ಚೇಂಜ್ ಅಂಗಡಿ ಮುಂದೆ ರಸ್ತೆವರೆಗೂ ಸಾಲು. ನನ್ನ ರೂಮಿನವರು ಸಾಲ ಮಾಡಿ ಊರಿಗೆ ಕಳಿಸಿದರು. ಇನ್ನೂ ಏರುತ್ತದೆ ಅಂತ ಕಾದವರು ಕೆಲವರು. ಅಕ್ಟೋಬರ್ ಹೊತ್ತಿಗೆ 61, 62ಕ್ಕೆ ವಾಪಸ್ ಬಂತು. ಕಾದವರು ಕೈ ಕೈ ಹಿಸುಕಿಕೊಂಡರು.

ನಾಪೋಕ್ಲು ಕಡೆಯವನು, ಮೈಸೂರಿನಲ್ಲಿ ಪಾಠ ಮಾಡುತ್ತೇನೆ

ಈ ದಿರ್ಹಮ್ ಉದಾಹರಣೆಯನ್ನು ನೋಟ್ಸ್‌ನಲ್ಲಿ ಬರೆದುಕೊ ತಂಗಿ. ದರ ಸ್ಥಿರ ಇರಬೇಕು, ಹಣ ಒಳಗೆ ಹೊರಗೆ ಸಲೀಸಾಗಿ ಓಡಾಡಬೇಕು, ಬಡ್ಡಿಯನ್ನೂ ತಾನೇ ತೀರ್ಮಾನಿಸಬೇಕು ಅಂತ ಒಂದು ದೇಶ ಮೂರನ್ನೂ ಕೇಳಿದರೆ ಸಿಗುವುದು ಎರಡೇ. ಎಮಿರೇಟ್ಸ್ ಮೊದಲ ಎರಡನ್ನು ಆರಿಸಿತು. ಅದಕ್ಕೇ ಅಮೆರಿಕ ಬಡ್ಡಿ ಏರಿಸಿದರೆ ಅವರೂ ಏರಿಸುತ್ತಾರೆ. ರಾಬರ್ಟ್ ಮಂಡೆಲ್ ಮತ್ತು ಮಾರ್ಕಸ್ ಫ್ಲೆಮಿಂಗ್ 1960ರ ದಶಕದಲ್ಲಿ ಮಾಡಿದ ಕೆಲಸದಿಂದ ಬಂದ ವಿಚಾರ ಇದು. ಮಂಡೆಲ್‌ಗೆ 1999ರಲ್ಲಿ ನೊಬೆಲ್ ಬಂತು. ಪರೀಕ್ಷೆಯಲ್ಲಿ ತ್ರಿಕೋನ ಬರೆದು ಮೂರು ಮೂಲೆಗೆ ಹೆಸರು ಕೊಟ್ಟು ಬರುವವರು ಸಾಕಷ್ಟು ಜನ. ದಿರ್ಹಮ್ ಒಂದು ಮೂಲೆ, ರೂಪಾಯಿ ಇನ್ನೊಂದು ಕಡೆ ಅಂತ ಬರೆದರೆ ಓದುವವರಿಗೆ ಸಂತೋಷ ಆಗುತ್ತದೆ.

ಶಾಂತಳ್ಳಿ ಕಡೆಯ ಸಣ್ಣ ಬೆಳೆಗಾರ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ ನನಗೊಂದು ಬೇಸರ ಇದೆ, ಹೇಳಿಬಿಡುತ್ತೇನೆ. "ರೂಪಾಯಿ ಬಿದ್ದರೆ ಬೆಳೆಗಾರನಿಗೆ ಲಾಭ" ಅನ್ನುವ ಮಾತನ್ನು ಯಾರೂ ಪೂರ್ತಿ ಲೆಕ್ಕ ಮಾಡಲಿಲ್ಲ. ನನ್ನದು ಎರಡೂವರೆ ಎಕರೆ. ಪೊಟ್ಯಾಷ್ ಹಾಕಲೇ ಬೇಕು. ಅದು ಪೂರ್ತಿ ಹೊರದೇಶದಿಂದ ಬರುವುದು, ಡಾಲರ್ ಕೊಟ್ಟೇ ತರಬೇಕು. ಸ್ಪ್ರಿಂಕ್ಲರ್ ಓಡಿಸಲು ಡೀಸೆಲ್. ಹೂ ಮಳೆ ಹೊತ್ತಿಗೆ ಬರದಿದ್ದರೆ ದಿನಗಟ್ಟಲೆ ಪಂಪ್ ಓಡಬೇಕು. ಡಾಲರ್ ಏರಿದರೆ ಇವೆಲ್ಲ ಏರುತ್ತವೆ. ಅಕ್ಕಿ, ಎಣ್ಣೆ ಏರಿದರೆ ಕೆಲಸದವರಿಗೆ ಕೂಲಿ ಏರಿಸಬೇಕು, ಏರಿಸಬೇಕಾದ್ದೇ. ಖರ್ಚು ಜೂನ್‌ನಿಂದ ಶುರು. ಕಾಫಿ ಹಣ ಬರುವುದು ಜನವರಿ ಮೇಲೆ. ಮಧ್ಯದಲ್ಲಿ ದರ ತಿರುಗಿದರೆ ಖರ್ಚು ಹಳೇ ದರದ್ದು, ಆದಾಯ ಹೊಸ ದರದ್ದು. ದೊಡ್ಡ ತೋಟದವರು ಕಾಫಿ ಇಟ್ಟುಕೊಂಡು ಕಾಯಬಹುದು. ನಾವು ಸಹಕಾರ ಸಂಘದ ಸಾಲ ಮಾರ್ಚ್‌ಗೆ ಕಟ್ಟಬೇಕು.

ಮೆಣಸಿನ ಕಥೆ ಬೇರೆ. ಅಲ್ಲಿ ನಾವು ಹೊರಗೆ ಮಾರುವುದಕ್ಕಿಂತ ಹೊರಗಿಂದ ಬರುವ ಮಾಲಿನ ಜೊತೆ ಗುದ್ದಾಡುವುದೇ ಜಾಸ್ತಿ. ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬಂದು ನಮ್ಮ ರೇಟ್ ಮುರಿಯಿತು. 2017ರ ಡಿಸೆಂಬರ್‌ನಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟರು. ಅದಕ್ಕಾಗಿ ನಮ್ಮವರು ಎಷ್ಟು ಓಡಾಡಿದ್ದರು! ಇಲ್ಲಿ ರೂಪಾಯಿ ಬಿದ್ದರೆ ಹೊರಗಿನ ಮೆಣಸು ದುಬಾರಿ ಆಗುತ್ತದೆ, ನಮಗೆ ಸ್ವಲ್ಪ ಉಸಿರು. ಒಂದೇ ಮರಕ್ಕೆ ಹಬ್ಬಿದ ಬಳ್ಳಿಗೆ ಒಂದು ಲೆಕ್ಕ, ಕೆಳಗಿನ ಗಿಡಕ್ಕೆ ಇನ್ನೊಂದು ಲೆಕ್ಕ. ಇದನ್ನೂ ಕಾಲೇಜಿನಲ್ಲಿ ಹೇಳಿಕೊಡಿ.

ನಾಪೋಕ್ಲು ಕಡೆಯವನು, ಮೈಸೂರಿನಲ್ಲಿ ಪಾಠ ಮಾಡುತ್ತೇನೆ

ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ನೀವು ವಿವರಿಸಿದ್ದಕ್ಕೆ ಪಾಠದಲ್ಲಿ ರಿಯಲ್ ಎಕ್ಸ್‌ಚೇಂಜ್ ರೇಟ್ ಅಂತ ಹೆಸರು. ಬರೇ ದರ ಎಷ್ಟು ಬಿತ್ತು ಅಂತ ನೋಡಿದರೆ ಸಾಲದು. ಇಲ್ಲಿಯ ಬೆಲೆ ಅಲ್ಲಿಯ ಬೆಲೆಗಿಂತ ಎಷ್ಟು ಏರಿತು ಅಂತಲೂ ಕಳೆಯಬೇಕು. ರೂಪಾಯಿ ಶೇ. 4 ಬಿದ್ದು, ಇಲ್ಲಿಯ ಖರ್ಚು ಹೊರಗಿಗಿಂತ ಶೇ. 4 ಜಾಸ್ತಿ ಏರಿದರೆ ಬೆಳೆಗಾರನಿಗೆ ಉಳಿದದ್ದು ಏನೂ ಇಲ್ಲ. ರಿಸರ್ವ್ ಬ್ಯಾಂಕ್ 40 ದೇಶಗಳ ಹಣವನ್ನು ಸೇರಿಸಿ ಇಂಥ ಒಂದು ಸೂಚ್ಯಂಕ ಪ್ರಕಟಿಸುತ್ತದೆ. ಕ್ಲಾಸಿನಲ್ಲಿ ಅದನ್ನು ಹೇಳಿಕೊಡುತ್ತೇನೆ. ಪೊಟ್ಯಾಷ್ ಮತ್ತು ಮಾರ್ಚ್ ಕಂತನ್ನು ಇಟ್ಟುಕೊಂಡು ಹೇಳಿಕೊಟ್ಟಿರಲಿಲ್ಲ. ಮುಂದಿನ ವಾರ ಹಾಗೆ ಮಾಡುತ್ತೇನೆ.

ಮಡಿಕೇರಿಯ ಹಿರಿಯ

ನನಗೆ 78. ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ನಮ್ಮ ಕಾಲದಲ್ಲಿ ಡಾಲರ್ ಮಾತೇ ಇರಲಿಲ್ಲ. ಕಾಫಿ ಕೊಯ್ದು ಒಣಗಿಸಿ, ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರುವ ಬೋರ್ಡಿನ ಪೂಲ್‌ಗೆ ಕೊಡಬೇಕು. ಬೇರೆಯವರಿಗೆ ಮಾರುವ ಹಾಗಿಲ್ಲ. ಪಾಯಿಂಟ್ ಲೆಕ್ಕದಲ್ಲಿ ಹಣ, ಅದೂ ಕಂತು ಕಂತಾಗಿ. ಒಂದು ವರ್ಷದ ಕಾಫಿಯ ಕೊನೇ ಕಂತು ಬರುವಾಗ ಮುಂದಿನ ವರ್ಷದ ಕಾಫಿ ಕಣದಲ್ಲಿರುತ್ತಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ (ಯಾವ ದೇಶ ಎಷ್ಟು ರಫ್ತು ಮಾಡಬಹುದು ಅನ್ನುವ ಮಿತಿ) ಮುರಿದುಬಿತ್ತು, ರೇಟ್ ಪಾತಾಳಕ್ಕೆ ಹೋಯಿತು. ತೊಂಬತ್ತರ ದಶಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತಾ 1996ಕ್ಕೆ ಪೂರ್ತಿ ಮುಕ್ತ ಮಾಡಿದರು.

ಮುಕ್ತ ಆದದ್ದು ಒಳ್ಳೇದೇ. ನಾನು ಅದಕ್ಕೆ ಕೈ ಎತ್ತಿದವನು. ಆದರೆ ಆ ದಿನದಿಂದ ಲಂಡನ್ನೂ ಡಾಲರೂ ನೇರ ನಮ್ಮ ಅಂಗಳಕ್ಕೆ ಬಂದವು. ಅದನ್ನು ಓದುವುದು ಹೇಗೆ ಅಂತ ಬೆಳೆಗಾರರಿಗೆ ಯಾರೂ ಕೂತು ಹೇಳಿಕೊಡಲಿಲ್ಲ. 2001, 2002ರಲ್ಲಿ ರೇಟ್ ನೆಲ ಕಚ್ಚಿದಾಗ ಎಷ್ಟು ಮನೆಗಳು ಸಾಲದಲ್ಲಿ ಮುಳುಗಿದವು ಅಂತ ಕಣ್ಣಾರೆ ಕಂಡಿದ್ದೇನೆ. ಮಗಳೇ, ನೀನು ಓದುತ್ತಿರುವುದು ನಮ್ಮೂರಿಗೆ ಬೇಕಾದ ವಿದ್ಯೆ. ಚಿಕ್ಕ ಅಳುವಾರದಲ್ಲಿ ಈಗ ನಮ್ಮದೇ ಕೊಡಗು ವಿಶ್ವವಿದ್ಯಾಲಯ ಇದೆ. ಅಲ್ಲಿ ಈ ವಿಷಯವನ್ನು ಕಾಫಿ ಮೂಟೆ ಇಟ್ಟುಕೊಂಡು ಕಲಿಸಿದರೆ ನಾನೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.

ಸುಂಟಿಕೊಪ್ಪದ ವಿದ್ಯಾರ್ಥಿನಿ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅಪ್ಪನ ಚೀಟಿಗಳು ಸಿಕ್ಕವು. ಹಳೇ ಬಿಸ್ಕತ್ ಡಬ್ಬದಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ನಿನ್ನೆ ರಾತ್ರಿ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಅಮ್ಮನೂ ಬಂದರು.

ಅಪ್ಪ ಮೊದಲು ರೇಟ್ ಕೇಳಿದ ದಿನ ಲಂಡನ್ 4,200, ಡಾಲರ್ 84.50 ಅಂತ ಇಟ್ಟುಕೊಳ್ಳಿ. ಎರಡನೇ ಸಲ 4,000 ಮತ್ತು 85. ಇಲ್ಲಿ ಹಾಕುವುದಕ್ಕೆ ಸಂಖ್ಯೆಗಳನ್ನು ರೌಂಡ್ ಮಾಡಿದ್ದೇನೆ. ಔಟ್ ಟರ್ನ್ 26. ಮೊದಲನೇ ದಿನ ಮೂಟೆಗೆ 9,227. ಎರಡನೇ ದಿನ 8,840. ವ್ಯತ್ಯಾಸ 387. ಇದನ್ನು ಬಿಡಿಸಿ ನೋಡಿದೆ. ಲಂಡನ್ ಇಳಿದದ್ದಕ್ಕೆ 439 ಹೋಯಿತು. ಡಾಲರ್ 50 ಪೈಸೆ ಏರಿದ್ದಕ್ಕೆ 52 ಬಂತು. ವ್ಯಾಪಾರಿ ಇಳಿಸಿದ್ದು 400. ಹೆಚ್ಚುಕಮ್ಮಿ 13 ರೂಪಾಯಿ.

ಅಪ್ಪ ಆ 13ನ್ನು ಬಹಳ ಹೊತ್ತು ನೋಡುತ್ತಾ ಕೂತರು. ಪೆನ್ನು ತಗೊಂಡು ತಾವೇ ಇನ್ನೊಂದು ಸಲ ಗುಣಿಸಿದರು. ಆಮೇಲೆ "ಅವನು ಮೋಸ ಮಾಡಿಲ್ಲ ಹಾಗಾದರೆ" ಅಂದರು. ಬೆಳಿಗ್ಗೆ ತಾವೇ ಫೋನ್ ಮಾಡಿ ಮಾತಾಡಿದರು. ನನಗೆ ಎಷ್ಟು ಸಂತೋಷ ಆಯಿತು ಅಂದರೆ, ಆ 21 ಅಂಕ ಬಂದಾಗಲೂ ಹೀಗೆ ಆಗಿರಲಿಲ್ಲ.

ಈಗ ಇನ್ನೊಂದು ಪ್ರಶ್ನೆ ಕೇಳಿದ್ದಾರೆ. 40 ಮೂಟೆ ಇಟ್ಟುಕೊಳ್ಳಬೇಕಾ, ಕೊಡಬೇಕಾ?

ನಾಪೋಕ್ಲು ಕಡೆಯವನು, ಮೈಸೂರಿನಲ್ಲಿ ಪಾಠ ಮಾಡುತ್ತೇನೆ

ತುಂಬಾ ಚೆನ್ನಾಗಿ ಮಾಡಿದ್ದೀಯ. ಕೊನೇ ಪ್ರಶ್ನೆಗೆ ಅಪ್ಪನಿಗೆ ನಿಜ ಹೇಳು. 1983ರಲ್ಲಿ ರಿಚರ್ಡ್ ಮೀಸ್ ಮತ್ತು ಕೆನೆತ್ ರೋಗಾಫ್ ಆವತ್ತಿನ ವಿನಿಮಯ ದರದ ಮಾದರಿಗಳನ್ನು ಪರೀಕ್ಷೆ ಮಾಡಿ ನೋಡಿದರು. ಒಂದು ವರ್ಷದೊಳಗಿನ ಮಟ್ಟಿಗೆ, "ಮುಂದೆಯೂ ಇವತ್ತಿನ ದರವೇ" ಅಂತ ಸುಮ್ನೆ ಹೇಳುವುದಕ್ಕಿಂತ ಯಾವ ಮಾದರಿಯೂ ಚೆನ್ನಾಗಿ ಹೇಳಲಿಲ್ಲ. ಆಮೇಲೆ ಬಂದವರಿಗೂ ಅದನ್ನು ಗಟ್ಟಿಯಾಗಿ ಮೀರಿಸುವುದು ಕಷ್ಟವೇ ಆಗಿದೆ. ಹಾಗಾಗಿ ದರ ಊಹಿಸಲು ಹೋಗಬೇಡ. ಮಾರ್ಚ್‌ನೊಳಗೆ ಮನೆಗೆ ಎಷ್ಟು ಹಣ ಬೇಕೇ ಬೇಕು ಅಂತ ಕೇಳು. ಅಷ್ಟಕ್ಕೆ ಆಗುವ ಮೂಟೆ ಈಗ ಕೊಡಲಿ. ಉಳಿದದ್ದನ್ನು ಎರಡು ಮೂರು ಸಲಕ್ಕೆ ಹಂಚಿ ಕೊಡಲಿ. ತೇವಾಂಶ ಹತ್ತದ ಹಾಗೆ ನೋಡಿಕೊಳ್ಳಲಿ, ಮಳೆಗಾಲದವರೆಗೆ ಇಡುವುದು ಬೇಡ.

ಸುಂಟಿಕೊಪ್ಪದ ವಿದ್ಯಾರ್ಥಿನಿ

ಸರಿ ಸರ್. ಲೆಕ್ಕ ಹಾಕಿದೆವು. ಸಂಘದ ಕಂತು, ನನ್ನ ಫೀಸ್, ಕೂಲಿ ಬಾಕಿ ಎಲ್ಲ ಸೇರಿ 22 ಮೂಟೆ ಆಗುತ್ತದೆ. ಸೋಮವಾರ ಕೊಡುತ್ತಾರೆ.

ಶನಿವಾರಸಂತೆ

ಅಕ್ಕ, ನಮ್ಮದು ಅರೇಬಿಕಾ. ನ್ಯೂಯಾರ್ಕ್ ರೇಟ್ ಸೆಂಟ್ಸ್, ಪೌಂಡ್ ಅಂತೆಲ್ಲ ಇರುತ್ತೆ. ನಿಮ್ಮ ಲೆಕ್ಕಕ್ಕೆ ಹೇಗೆ ತರುವುದು?

ಸುಂಟಿಕೊಪ್ಪದ ವಿದ್ಯಾರ್ಥಿನಿ

ಒಂದು ಹೆಜ್ಜೆ ಜಾಸ್ತಿ, ಅಷ್ಟೇ. ನ್ಯೂಯಾರ್ಕ್‌ನಲ್ಲಿ ಒಂದು ಪೌಂಡ್ ತೂಕಕ್ಕೆ ಇಷ್ಟು ಸೆಂಟ್ಸ್ ಅಂತ ಹೇಳುತ್ತಾರೆ. 300 ಅಂದರೆ 3 ಡಾಲರ್. ಒಂದು ಟನ್‌ಗೆ 2,204.6 ಪೌಂಡ್. ಗುಣಿಸಿದರೆ ಸುಮಾರು 6,614 ಡಾಲರ್. 85ರಿಂದ ಗುಣಿಸಿ ಕೆಜಿಗೆ ತಂದರೆ 562 ರೂಪಾಯಿ. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ) ಆದರೆ ಔಟ್ ಟರ್ನ್ 40ರ ಹತ್ತಿರ ಇರುತ್ತೆ, ಅದರಿಂದ ಗುಣಿಸಿ. ಮೂಟೆಗೆ 22,480. ಚೆರಿ ಆದರೆ ಔಟ್ ಟರ್ನ್ ತುಂಬಾ ಕಮ್ಮಿ, ಇದೇ ಸಂಖ್ಯೆ ಹಾಕಬೇಡಿ. ನಿಮ್ಮದಕ್ಕೆ ಎಷ್ಟು ಬಂತು ಅಂತ ಚೀಟಿ ನೋಡಿ ಬರೆಯಿರಿ, ಮಾಡಿ ಹಾಕುತ್ತೇನೆ.